ಮೇಕೆಗೂ ಬಹುವಚನ

ಫೆಬ್ರವರಿ ಹದಿನಾರು, ಭಾನುವಾರ. ಬೆಳಿಗ್ಗೆ ಏಳರವರೆಗೆ ದಟ್ಟ ಮಂಜು, ಒಂಬತ್ತಕ್ಕೆ ಬಿಸಿಲು, ಹನ್ನೊಂದಕ್ಕೆ ಹತ್ತು ನಿಮಿಷ ತುಂತುರು. ಗ್ರಂಥಾಲಯದ ಮೇಲಂತಸ್ತಿನ ಕೋಣೆಯ ಕಿಟಕಿಗಳನ್ನು ಎರಡು ಸಲ ಮುಚ್ಚಿ ಎರಡು ಸಲ ತೆರೆಯಬೇಕಾಯಿತು. ಈ ದಿನ ನಮ್ಮ ಅತ್ತಿಗೆ ಹೊರದೇಶದ ಅರಣ್ಯಾಧಿಕಾರಿಯೊಬ್ಬರನ್ನು "ಕಂದಾ" ಎಂದು ಕರೆದರು.

ಅತ್ತಿಗೆ ಎಂದರೆ ನನ್ನ ಅಣ್ಣನ ಹೆಂಡತಿ. ವಯಸ್ಸು ಐವತ್ತಾರು ವರ್ಷ ಏಳು ತಿಂಗಳು. ಏಳನೆಯ ತರಗತಿಗೆ ಶಾಲೆ ಬಿಟ್ಟವರು. ಹತ್ತೊಂಬತ್ತನೆಯ ವಯಸ್ಸಿನಲ್ಲಿ ನಗರಸಭೆಯ ನರ್ಸರಿಗೆ ದಿನಗೂಲಿಯಾಗಿ ಸೇರಿ, ಮೂವತ್ತೇಳು ವರ್ಷಗಳಿಂದ ಅಲ್ಲಿಯೇ ಸಸಿ ಬೆಳೆಸುತ್ತಿದ್ದಾರೆ. ಮಣ್ಣು ಜರಡಿ ಹಿಡಿಯುವುದು, ಗೊಬ್ಬರ ಬೆರೆಸುವುದು, ಚೀಲ ತುಂಬುವುದು, ಮೊಳಕೆಯನ್ನು ಪೆನ್ಸಿಲಿನಷ್ಟು ದಪ್ಪದ ಕಡ್ಡಿಯಿಂದ ಎಬ್ಬಿಸಿ ಚೀಲಕ್ಕೆ ದಾಟಿಸುವುದು, ಇದು ಅವರ ದಿನಚರಿ. ಬಲಗೈ ಹೆಬ್ಬೆರಳಿನ ಉಗುರು ಕಪ್ಪಾಗಿಯೇ ಉಳಿದಿದೆ; ಯಾವ ಸೋಪಿಗೂ ಅದು ಜಗ್ಗಿಲ್ಲ. ನಮ್ಮ ಮುಖ್ಯ ಬೀದಿಯ ನೆರಳಿನಲ್ಲಿ ಮುಕ್ಕಾಲು ಪಾಲು ಅವರ ಕೈಯಿಂದ ಹೋದದ್ದು. ಆ ಮಾತನ್ನು ಅವರು ಯಾರಿಗೂ ಹೇಳಿಕೊಂಡವರಲ್ಲ. ಬಸ್ಸಿನಲ್ಲಿ ಹೋಗುವಾಗ ಕೆಲವು ಮರಗಳ ಬಳಿ ಅವರ ಕತ್ತು ತಾನಾಗಿ ತಿರುಗುತ್ತದೆ, ಅಷ್ಟೆ.

ಅಣ್ಣ ಬಸ್ಸುಗಳಲ್ಲಿ ಟಿಕೆಟ್ ತನಿಖೆ ಮಾಡಿ ನಿವೃತ್ತನಾದವನು. ಅವನೂ ಅತ್ತಿಗೆಯೂ ಒಂದೇ ಬೀದಿಯಲ್ಲಿ ಗೋಲಿಯಾಡಿ ಬೆಳೆದವರಾದ್ದರಿಂದ, ಮದುವೆಯಾದ ಮೇಲೂ ಪರಸ್ಪರ ಏಕವಚನವನ್ನು ಬಿಡಲಿಲ್ಲ.

ಕಳೆದ ಅಕ್ಟೋಬರಿನಲ್ಲಿ ನಮ್ಮ ಸ್ವಯಂಸೇವಕ ಬಳಗ ಒಂದು ಪ್ರಕಟಣೆ ಹಾಕಿತು. ಹೊರದೇಶದ ಒಂದು ಗುಡ್ಡಗಾಡಿನ ಹಳ್ಳಿಯಲ್ಲಿ ಊರಿಗೆ ನೀರುಣಿಸುತ್ತಿದ್ದ ಒರತೆ ಬತ್ತುತ್ತ ಬಂದಿತ್ತು. ಒರತೆಯ ಮೇಲಿನ ಬೋಳು ಇಳಿಜಾರಿನಲ್ಲಿ ಒಂಬತ್ತು ಸಾವಿರ ಸಸಿ ನೆಡಬೇಕು, ಕೆಳಗೊಂದು ನೀರಿನ ತೊಟ್ಟಿ ಕಟ್ಟಬೇಕು. ಹನ್ನೆರಡು ಮಂದಿ ಬೇಕು, ಹನ್ನೊಂದು ವಾರಗಳ ಕೆಲಸ, ಪ್ರಯಾಣವೂ ವಸತಿಯೂ ಅಲ್ಲಿಯವರದು. ಐವತ್ತೇಳು ತುಂಬಿದವರಿಗೆ ಅವಕಾಶವಿಲ್ಲ. ಬಳಗದ ದಾಖಲೆಗಳನ್ನು ನಾನೇ ನೋಡಿಕೊಳ್ಳುವುದರಿಂದ ಪ್ರಕಟಣೆಯ ಪ್ರತಿ ನಮ್ಮ ಮನೆಯ ಮೇಜಿನ ಮೇಲಿತ್ತು. ಅತ್ತಿಗೆ ಅದನ್ನು ಅಕ್ಷರ ಕೂಡಿಸಿಕೊಂಡು ಎರಡು ಸಲ ಓದಿದರು.

"ಎಲ್ಲಿಗೆ ಹೊರಟೆ?" ಎಂದ ಅಣ್ಣ. "ನಲವತ್ತೆರಡನೇ ನಂಬರ್ ಬಸ್ಸಿನ ಕೊನೇ ಸ್ಟಾಪ್ ದಾಟಿ ನೀನು ಹೋಗಿದ್ದು ನನಗೆ ಗೊತ್ತಿಲ್ಲ."

"ಅದಕ್ಕೇ ಕಣೋ. ಮೂವತ್ತೇಳು ವರ್ಷ ಸಸಿಗಳನ್ನ ಲಾರಿ ಹತ್ಸಿ ಹತ್ಸಿ ಕಳ್ಸಿದೀನಿ. ಒಂದು ಸಲ ನಾನೂ ಹತ್ಬೇಕು. ಅವು ಹೋಗಿ ನಿಲ್ಲೋ ಜಾಗ ಹೇಗಿರುತ್ತೆ ನೋಡ್ಬೇಕು."

"ಹೇಗಿರುತ್ತೆ? ಗುಂಡಿ ಇರುತ್ತೆ."

"ಆ ಗುಂಡೀನೇ ನೋಡ್ಬೇಕು."

ಮರುದಿನ ಅರ್ಜಿಗೆ ಬೇಕಾದ ಭಾವಚಿತ್ರ ತೆಗೆಸಲು ಅಣ್ಣನೇ ಅತ್ತಿಗೆಯನ್ನು ಕರೆದುಕೊಂಡು ಹೋದ.

ವೈದ್ಯಕೀಯ ತಪಾಸಣೆಯಲ್ಲಿ ಅತ್ತಿಗೆ ತೇರ್ಗಡೆಯಾದರು. ಕೈಕೆಲಸದ ಪರೀಕ್ಷೆಯಲ್ಲಿ ನೂರು ಮೊಳಕೆಗಳನ್ನು ಇಪ್ಪತ್ತಾರು ನಿಮಿಷಗಳಲ್ಲಿ ಚೀಲಗಳಿಗೆ ದಾಟಿಸಿದರು; ಒಂದೂ ಬಾಡಲಿಲ್ಲ. ಉಳಿದದ್ದು ಭಾಷೆ. ಅಲ್ಲಿಯ ಅರಣ್ಯಾಧಿಕಾರಿ ಪರದೆಯ ಮೇಲೆ ಬಂದು ಪ್ರತಿಯೊಬ್ಬರನ್ನೂ ಆ ದೇಶದ ಭಾಷೆಯಲ್ಲಿ ಮೂರು ನಿಮಿಷ ಮಾತನಾಡಿಸುವರು ಎಂದು ತಿಳಿಸಲಾಗಿತ್ತು.

ಭಾಷಾ ತರಗತಿ ಪ್ರತಿ ಭಾನುವಾರ ನಡೆಯುತ್ತಿತ್ತು. ಕೋಣೆಯಲ್ಲಿ ಹದಿಮೂರು ಕುರ್ಚಿ, ಅದರಲ್ಲಿ ಒಂದರ ಕಾಲಿನಡಿಗೆ ಮಡಿಸಿದ ಪತ್ರಿಕೆ. ಕಲಿಸುತ್ತಿದ್ದವರು ಆ ದೇಶದಲ್ಲಿ ಎಂಟು ವರ್ಷ ಇದ್ದು ಬಂದ ನಿವೃತ್ತ ಶಿಕ್ಷಕಿ. ಎಲ್ಲರಿಗೂ ಅವರು ಮೇಡಂ. ಅವರು ಹಂಚಿದ ಹಾಳೆಯ ಮೊದಲ ವಾಕ್ಯ "ರೈಲು ನಿಲ್ದಾಣ ಎಲ್ಲಿದೆ?", ಎರಡನೆಯದು "ಈ ಕೋಟಿನ ಬೆಲೆ ಎಷ್ಟು?"

"ಮೇಡಂ, ಆ ಹಳ್ಳೀಲಿ ರೈಲಿದ್ಯಾ?" ಎಂದು ಅತ್ತಿಗೆ ಕೇಳಿದರು.

"ಇಲ್ಲ."

"ಮತ್ತೆ ಇಲ್ಲದ್ದನ್ನ ಯಾಕೆ ಕೇಳ್ಬೇಕು? ಪಾಪ, ಅವ್ರಿಗೆ ಬೇಜಾರಾಗಲ್ವಾ?"

ತೊಟ್ಟಿಯ ಕೆಲಸಕ್ಕೆ ಹೆಸರು ಕೊಟ್ಟಿದ್ದ ಗಾರೆ ಮೇಸ್ತ್ರಿ ಕುರ್ಚಿ ಅಲ್ಲಾಡುವಷ್ಟು ನಕ್ಕ. ಮೇಡಂ ಕೂಡ ನಕ್ಕರು, ಆದರೆ ಹಾಳೆ ಬದಲಾಗಲಿಲ್ಲ. ಅತ್ತಿಗೆ ಆಮೇಲೆ ತರಗತಿಯಲ್ಲಿ ಬಾಯಿ ಬಿಡಲಿಲ್ಲ. ಸಂಕೋಚವಿರಬೇಕು ಎಂದು ಮೇಡಂ ತಿಳಿದರು. ನಾನೂ ಹಾಗೆಯೇ ತಿಳಿದೆ.

ನಿಜ ಸಂಗತಿ ಬೇರೆ ಇತ್ತು. ಬಳಗದವರು ಪ್ರತಿ ಸ್ವಯಂಸೇವಕರಿಗೂ ಆ ಹಳ್ಳಿಯ ಒಬ್ಬರನ್ನು ಜೋಡಿ ಮಾಡಿ ಫೋನ್ ನಂಬರ್ ಕೊಟ್ಟಿದ್ದರು. ಅತ್ತಿಗೆಗೆ ಸಿಕ್ಕಿದವರು ಅಲ್ಲಿಯ ಸಸಿಮಡಿಗಳನ್ನು ನೋಡಿಕೊಳ್ಳುವ ಹೆಂಗಸು. ಅತ್ತಿಗೆ ಅವರಿಗೆ "ಬೆಟ್ಟದಕ್ಕ" ಎಂದು ಹೆಸರಿಟ್ಟರು. ಇವರ ಭಾಷೆ ಅವರಿಗೆ ಬಾರದು, ಅವರದು ಇವರಿಗೆ ಬಾರದು. ಅತ್ತಿಗೆ ತಮ್ಮ ಸಸಿಮಡಿಯ ಚಿತ್ರ ಕಳಿಸಿದರೆ ಬೆಟ್ಟದಕ್ಕ ತಮ್ಮದನ್ನು ಕಳಿಸಿದರು. ಚಿತ್ರಗಳು ಮುಗಿದ ಮೇಲೆ ಬೆಟ್ಟದಕ್ಕ ಒಂದು ಉಪಾಯ ಮಾಡಿದರು. ಕೆಲಸದ ಹಲಗೆಯ ಮೇಲೆ ಫೋನನ್ನಿಟ್ಟು, ತಮ್ಮ ಪಾಡಿಗೆ ಕೆಲಸ ಮಾಡುತ್ತ, ನಲವತ್ತು ನಿಮಿಷದ ಸದ್ದನ್ನು ಹಾಗೆಯೇ ಮುದ್ರಿಸಿ ಕಳಿಸಿದರು. ನಂತರ ವಾರಕ್ಕೊಂದರಂತೆ ಕಳಿಸುತ್ತ ಹೋದರು.

ನನಗೆ ಅದರಲ್ಲಿ ಗದ್ದಲವಷ್ಟೇ ಕೇಳಿಸಿತು. ಅತ್ತಿಗೆ ಕಿವಿಗೆ ತಂತಿ ಸಿಕ್ಕಿಸಿಕೊಂಡು, ತಾವೂ ಜರಡಿ ಹಿಡಿಯುತ್ತ, ದಿನವಿಡೀ ಕೇಳಿದರು. ಒಂದು ಸಂಜೆ ನನ್ನನ್ನು ಕೂರಿಸಿಕೊಂಡು ವಿವರಿಸಿದರು.

"ಕೇಳಪ್ಪಾ. ಈ ಸರ್ ಸರ್ ಅನ್ನೋದು ಜರಡಿ. ಟಪ್ ಟಪ್ ಅಂದ್ರೆ ಚೀಲ ಕುಟ್ಟಿ ಮಣ್ಣು ಕೂರ್ಸೋದು. ಆಗ ಏನೋ ಅಂತಾಳೆ ನೋಡು, ಅದು 'ಕೂತ್ಕೋ' ಅಂತ್ಲೇ. ನಾನೂ ಅದನ್ನೇ ಅನ್ನೋದು. ಈಗ ನೀರಿನ ಸದ್ದು. ನಿಂತ್ಹೋಯ್ತಲ್ಲ, ಈಗ ಅಂದದ್ದು 'ಸಾಕು'."

"ಈ ತಗಡು ಬಡಿಯೋ ಸದ್ದು?"

"ಅದು ಮೇಕೆ ಬಂತು. ಗೊರಸು ಕೇಳ್ಸುತ್ತೆ. ಆಮೇಲಿಂದೆಲ್ಲ ಬೈಗುಳ."

ಅವರ ನೋಟುಪುಸ್ತಕವನ್ನು ನೋಡಿದೆ. ಎಡಗಡೆ ಜರಡಿ, ನೀರಿನ ಡಬ್ಬ, ಬೇರು, ಮೇಕೆಯ ಕೊಂಬು ಮುಂತಾದ ಚಿತ್ರಗಳು. ಬಲಗಡೆ ನಮ್ಮ ಲಿಪಿಯಲ್ಲಿ ಆ ದೇಶದ ಮಾತು. ಜನವರಿ ಕೊನೆಗೆ ನಾನು ಎಣಿಸಿದಾಗ ತೊಂಬತ್ತನಾಲ್ಕು ಪದಗಳಿದ್ದವು. ಮೇಡಂ ಕಲಿಸಿದ್ದು ಅರವತ್ತು.

ಆ ಭಾಷೆಯಲ್ಲಿಯೂ ನಮ್ಮಲ್ಲಿರುವಂತೆ ಸಲಿಗೆಗೆ ಒಂದು ರೂಪ, ಗೌರವಕ್ಕೆ ಇನ್ನೊಂದು; ಕ್ರಿಯಾಪದವೂ ಬೇರೆಯಾಗುತ್ತದೆ. ಬೆಟ್ಟದಕ್ಕನ ಹಲಗೆಯ ಸುತ್ತ ಮಾತನಾಡಿಸಿಕೊಳ್ಳಲು ಇದ್ದದ್ದು ಸಸಿಗಳು ಮತ್ತು ಮೇಕೆ ಮಾತ್ರ. ಅತ್ತಿಗೆ ಕಲಿತದ್ದೆಲ್ಲ ಒಂದೋ ಸಸಿಯನ್ನು ಮುದ್ದಿಸುವ ಮಾತು, ಇಲ್ಲವೇ ಮೇಕೆಯನ್ನು ಅಟ್ಟುವ ಮಾತು. ಇದು ನಮಗಾರಿಗೂ ಹೊಳೆಯಲಿಲ್ಲ.

ಇನ್ನು ಫೆಬ್ರವರಿ ಹದಿನಾರರ ಪರೀಕ್ಷೆ. ಅಂಕಪಟ್ಟಿ ತುಂಬುವವನು ನಾನು. ಅದರ ನಾಲ್ಕನೆಯ ಕಲಂ "ಗೌರವದ ರೂಪ ಬಳಸುತ್ತಾರೆಯೇ?" ಅಲ್ಲಿ "ಇಲ್ಲ" ಎಂದು ಬಿದ್ದರೆ ಮಿಕ್ಕ ಅಂಕ ಎಷ್ಟಿದ್ದರೂ ಸ್ಥಾನವಿಲ್ಲ. ಎರಡು ವರ್ಷಗಳ ಹಿಂದೆ ಯಾರೋ ಒಬ್ಬರು ಆ ಹಳ್ಳಿಯ ಹಿರಿಯರನ್ನು ಏಕವಚನದಲ್ಲಿ ಮಾತನಾಡಿಸಿ ಒಂಬತ್ತು ದಿನ ಕೆಲಸ ನಿಂತಿತ್ತಂತೆ.

ಅಧಿಕಾರಿ ಬೂದುಬಣ್ಣದ ಕೋಟಿನ, ಕತ್ತರಿಸಿದ ಮೀಸೆಯ ಗಂಭೀರ ಮನುಷ್ಯ. ಹನ್ನೊಂದು ಮಂದಿ ತಮ್ಮ ಸರದಿಯಲ್ಲಿ ಹವಾಮಾನದ ಬಗ್ಗೆ ಹೇಳಿ, ರೈಲು ನಿಲ್ದಾಣ ಎಲ್ಲಿದೆ ಎಂದು ಕೇಳಿದರು. ಗಾರೆ ಮೇಸ್ತ್ರಿ ಅಧಿಕಾರಿಯ ಕೋಟಿನ ಬೆಲೆ ವಿಚಾರಿಸಿದ. ಅಧಿಕಾರಿ ಒಮ್ಮೆಯೂ ನಗದೆ ಎಲ್ಲರನ್ನೂ ತೇರ್ಗಡೆ ಮಾಡಿದರು.

ಅತ್ತಿಗೆ ಕೊನೆಯವರು. ತಾವು ಏಕೆ ಬರಲು ಇಚ್ಛಿಸುತ್ತೀರಿ ಎಂದು ಅಧಿಕಾರಿ ಕೇಳಿದರು. "ಬರು" ಎಂಬ ಪದ ಅತ್ತಿಗೆಗೆ ಚೆನ್ನಾಗಿ ಗೊತ್ತಿತ್ತು. ಮುಖ ಅರಳಿತು. ಅವರು ಉತ್ತರಿಸಿದ್ದನ್ನು ಮೇಡಂ ಆಮೇಲೆ ಸಾಲುಸಾಲಾಗಿ ನನಗೆ ಬರೆಸಿದರು:

"ಬಂದೆ ಕಂದಾ, ಬಂದೆ. ಅಳ್ಬೇಡ. ನೆಟ್ಟಗೆ ನಿಂತ್ಕೋ ನನ್ನ ಬಂಗಾರ. ಬಾಯಾರಿಕೇನಾ? ಇರು, ನೀರು ತರ್ತೀನಿ. ಕಾಲು ಸುತ್ಕೊಂಡಿದೆ, ಬಿಡಿಸ್ತೀನಿ. ಬೆಟ್ಟಕ್ಕೆ ಹೋಗೋಣ. ಅಲ್ಲಿ ನೀನು ದೊಡ್ಡವನಾಗು."

ಮೇಡಂ ಕೈಯಲ್ಲಿದ್ದ ಸೀಮೆಸುಣ್ಣ ನೆಲಕ್ಕೆ ಬಿತ್ತು. ಅಧಿಕಾರಿಯ ಮುಖ ಬದಲಾಗಲಿಲ್ಲ, ಪೆನ್ನು ಮಾತ್ರ ನಿಂತಿತು. ಏನು ಮಾಡಬೇಕೆಂದು ತೋಚದವರಂತೆ ಅವರು ಮುಂದಿದ್ದ ಲೋಟದಿಂದ ಒಂದು ಗುಟುಕು ಕುಡಿದು, ಉಳಿದ ನೀರನ್ನು ಪಕ್ಕದ ಕುಂಡದ ಗಿಡಕ್ಕೆ ಸುರಿಯಹೋದರು. ಆ ಗಿಡದ ಎಲೆಗಳು ಹಳದಿಯಾಗಿ ಜೋತು ಬಿದ್ದಿದ್ದವು. ಅತ್ತಿಗೆ ಕುರ್ಚಿಯಿಂದ ಎದ್ದೇಬಿಟ್ಟರು.

"ಏಯ್ ಕಳ್ಳಾ! ತೆಗಿ ಬಾಯಿ! ನಡಿ ಆಚೆ! ನೀರು ಸಾಕು! ಬೇರು ಸಾಯ್ತಿದೆ!"

ಅಧಿಕಾರಿ ಲೋಟವನ್ನು ಕೆಳಗಿಟ್ಟರು. ಕುಂಡದ ಮಣ್ಣಿಗೆ ಬೆರಳು ಹಾಕಿ ಮೂಸಿ ನೋಡಿದರು. ಆಮೇಲೆ ಅವರ ಭುಜಗಳು ಅಲುಗತೊಡಗಿದವು. ನಗು ಮುಖಕ್ಕೆ ಬರಲು ಇನ್ನೂ ಸ್ವಲ್ಪ ಹೊತ್ತು ಹಿಡಿಯಿತು. ಬಂದ ಮೇಲೆ ಕನ್ನಡಕ ತೆಗೆದು ಕಣ್ಣೊರೆಸಿಕೊಂಡು, ಕಚೇರಿಯ ಇಬ್ಬರು ಗುಮಾಸ್ತೆಯರನ್ನೂ ಕಾವಲುಗಾರನನ್ನೂ ಕರೆಸಿ, ಇನ್ನೊಮ್ಮೆ ಹೇಳಿ ಎಂದು ಕೇಳಿಕೊಂಡರು. ಅತ್ತಿಗೆ ತಾವು ಗೆದ್ದೆವೆಂದೇ ತಿಳಿದು, "ಬಂದೆ ಕಂದಾ"ದಿಂದ "ಏಯ್ ಕಳ್ಳಾ"ದವರೆಗೆ ಒಂದಕ್ಷರ ಬಿಡದೆ ಒಪ್ಪಿಸಿದರು. ಒಟ್ಟು ಹನ್ನೊಂದು ನಿಮಿಷ.

ನಗು ಇಳಿದ ಮೇಲೆ ಅಧಿಕಾರಿ ನಾಲ್ಕನೆಯ ಕಲಂನಲ್ಲಿ ಏನು ಬರೆದಿರಿ ಎಂದು ಮೇಡಂ ಮೂಲಕ ನನ್ನನ್ನು ಕೇಳಿದರು. ನಾನು ಏನೂ ಬರೆದಿರಲಿಲ್ಲ. ಅವರೇ ಹೇಳಿ ಬರೆಸಿದರು: "ಗಿಡಕ್ಕೆ ಇದೆ. ನನಗೆ ಇಲ್ಲ."

ನಿಯಮವನ್ನು ಮೀರಲು ತಮಗೆ ಅಧಿಕಾರವಿಲ್ಲವೆಂದೂ ಅವರು ತಿಳಿಸಿದರು. ಆ ಇಳಿಜಾರು ಮೇಕೆ ಸಾಕುವವರ ಹಿಡಿತದಲ್ಲಿದೆ. ಅವರು ಒಪ್ಪಿದರೆ ಮಾತ್ರ ಸಸಿ ಉಳಿದೀತು. ಒಪ್ಪಿಸಲು ಗೌರವದ ಮಾತು ಬೇಕೇ ಬೇಕು. ಎರಡು ವಾರ ಕಾಲಾವಕಾಶ. ಮಾರ್ಚ್ ಎರಡರಂದು ಮತ್ತೊಮ್ಮೆ ಪರೀಕ್ಷೆ. ಆಗಲೂ ಆಗದಿದ್ದರೆ ಆ ಸ್ಥಾನವು ಕಾಯುವ ಪಟ್ಟಿಯ ಮೊದಲನೆಯವರಿಗೆ, ಸಸ್ಯಶಾಸ್ತ್ರ ಓದಿದ ಒಬ್ಬ ಮಹಿಳೆಗೆ.

ಮೆಟ್ಟಿಲಿಳಿಯುವಾಗ ಮೇಡಂ ವಿಷಯ ಬಿಡಿಸಿ ಹೇಳಿದರು. ಅತ್ತಿಗೆ ಅಲ್ಲಿಯೇ ಕೂತುಬಿಟ್ಟರು.

"ಅಯ್ಯೋ! ಅಷ್ಟು ದೊಡ್ಡ ಮನುಷ್ಯನ್ನ ಕಳ್ಳ ಅಂದೆನಾ?"

"ಅಂದ್ರಿ."

"ಎರಡು ಸಲ?"

"ಎರಡನೇ ಸಲ ಅವರೇ ಕೇಳಿದ್ರಲ್ಲ, ಬಿಡಿ."

ಮನೆಯಲ್ಲಿ ಅಣ್ಣನಿಗೆ ಹಬ್ಬವೋ ಹಬ್ಬ. "ಇಷ್ಟು ವರ್ಷ ಬೈಸ್ಕೊಳ್ಳೋನು ನಾನೊಬ್ಬನೇ ಅನ್ಕೊಂಡಿದ್ದೆ. ಹೊರದೇಶದಲ್ಲೂ ಒಬ್ಬ ಜೊತೆಗಾರ ಸಿಕ್ಕ!" ಅತ್ತಿಗೆಯೂ ನಕ್ಕರು. ಆದರೆ ತಟ್ಟೆಯ ಮುಂದೆ ಕೂತು ಬ್ರೆಡ್ಡಿನ ಚೂರನ್ನು ಸುಮ್ಮನೆ ಪುಡಿ ಮಾಡುತ್ತಿದ್ದರು.

"ಮುಂದಿನ ವರ್ಷ ನನಗೆ ವಯಸ್ಸು ಮೀರಿರುತ್ತೆ," ಎಂದರು. "ಕೆಲಸ ಬರ್ದೆ ಹೋಗಿ ತಪ್ಪಿದ್ರೆ ಸರಿ. ಮಾತಿನ ಬಾಲದಲ್ಲಿ ತಪ್ಪೋಗುತ್ತಲ್ಲೋ."

ಅಣ್ಣ ನಗುವುದನ್ನು ನಿಲ್ಲಿಸಿ ಅವರ ತಟ್ಟೆಯನ್ನು ಹತ್ತಿರಕ್ಕೆ ಸರಿಸಿದ.

ಮೇಡಂ ಕೊಟ್ಟ ಮದ್ದು ಸರಳವಾಗಿತ್ತು. ನಾಲಿಗೆ ಸಲಿಗೆಗೆ ಒಗ್ಗಿದೆ. ಅದನ್ನು ತಿರುಗಿಸಬೇಕಾದರೆ ಎರಡು ವಾರ ಯಾರನ್ನೂ ಏಕವಚನದಲ್ಲಿ ಕರೆಯಬಾರದು. ಆ ಭಾಷೆಯಲ್ಲಿ ಮಾತ್ರವಲ್ಲ, ನಮ್ಮ ಭಾಷೆಯಲ್ಲಿಯೂ. ಅತ್ತಿಗೆ ಯಾವ ಕೆಲಸವನ್ನೂ ಅರ್ಧಂಬರ್ಧ ಮಾಡುವವರಲ್ಲ. ಸೋಮವಾರ ಬೆಳಿಗ್ಗೆ ಅಣ್ಣನ ಮುಂದೆ ಲೋಟವಿಟ್ಟು, "ತಾವು ಚಹಾ ತಗೋತೀರಾ?" ಎಂದರು. ಅಣ್ಣ ಬಾಗಿಲ ಕಡೆ ತಿರುಗಿ ಯಾರು ಬಂದರೆಂದು ನೋಡಿದ.

ಮೂರನೆಯ ದಿನಕ್ಕೆ ಅವನಿಗೆ ರುಚಿ ಹತ್ತಿತು. ಕಾಲಮೇಲೆ ಕಾಲು ಹಾಕಿ ಕೂರತೊಡಗಿದ. "ಕನ್ನಡಕ ಎಲ್ಲಿಟ್ಟೆ ಅಂತ ಕೇಳ್ಬೇಡ. 'ತಾವು ಎಲ್ಲಿಟ್ಟಿರಿ' ಅಂತ ಕೇಳು. ಪರೀಕ್ಷೆ ಇದೆ ನಿನಗೆ."

"ತಾವು ತಮ್ಮ ಕನ್ನಡಕವನ್ನ ತಮ್ಮ ತಲೆ ಮೇಲೇ ಇಟ್ಕೊಂಡಿದ್ದೀರಿ."

ನರ್ಸರಿಯಲ್ಲಿಯೂ ಅದೇ ಕತೆ. ಅತ್ತಿಗೆ ಸಸಿಗಳಿಗೆ "ತಾವು ಸ್ವಲ್ಪ ಈ ಕಡೆ ಸರೀಬೇಕು" ಎನ್ನುವುದನ್ನು ಕೇಳಿದ ಲಾರಿ ಚಾಲಕ, "ಅವರನ್ನ ಲಾರೀಲಿ ಕಳ್ಸೋದು ಸರಿಯಲ್ಲ ಅಕ್ಕಾ, ಕಾರು ತರಿಸ್ಲಾ?" ಎಂದನಂತೆ. ಸಂಜೆ ಐದಕ್ಕೆ ಮೇಡಂ ಮನೆಗೇ ಬಂದು ಕ್ರಿಯಾಪದಗಳ ಬಾಲ ತಿದ್ದುತ್ತಿದ್ದರು. ಮೇಡಂ ಕೇಳಿಕೊಂಡದ್ದರಿಂದ ಬೆಟ್ಟದಕ್ಕ ಈ ಸಲ ತಮ್ಮ ಅತ್ತೆಯೊಂದಿಗೆ ಆಡಿದ ಮಾತನ್ನು ಮುದ್ರಿಸಿ ಕಳಿಸಿದರು. "ಅತ್ತೆ ಹತ್ರ ಮಾತಾಡೋದು ಕಲಿತ್ರೆ ಮುಗೀತು," ಎಂದ ಅಣ್ಣ, "ಆಮೇಲೆ ಯಾವ ಅಧಿಕಾರೀನೂ ಲೆಕ್ಕಕ್ಕಿಲ್ಲ."

ಒಂಬತ್ತನೆಯ ದಿನ ಅಣ್ಣನ ಬಾಯಿಯೂ ಜಾರಿತು. "ನೀವು ಊಟ ಮಾಡಿದ್ರಾ?" ಎಂದು ಅತ್ತಿಗೆಯನ್ನು ಕೇಳಿಬಿಟ್ಟ. ಇಬ್ಬರೂ ಹೊಸದಾಗಿ ಮದುವೆಯಾದವರಂತೆ ಬೇರೆ ಬೇರೆ ಕಡೆ ನೋಡಿದರು. ನಾನು ಪತ್ರಿಕೆ ಓದುತ್ತಿದ್ದೆ.

ಮಾರ್ಚ್ ಎರಡು, ಭಾನುವಾರ. ಮೋಡವಿಲ್ಲ, ಬೆಳಗಿನಿಂದ ಬಿರುಗಾಳಿಯಂಥ ಗಾಳಿ, ಮೇಜಿನ ಮೇಲಿನ ಹಾಳೆಗಳಿಗೆ ಭಾರವಿಡಬೇಕಾಯಿತು. ತೇರ್ಗಡೆಯಾಗಿದ್ದ ಹನ್ನೊಂದು ಮಂದಿಯೂ, ಕೆಲಸವಿಲ್ಲದಿದ್ದರೂ, ಬಂದು ಗೋಡೆಗೆ ಒರಗಿ ನಿಂತಿದ್ದರು. ಕಾಯುವ ಪಟ್ಟಿಯ ಮಹಿಳೆ ಬಾಗಿಲ ಬಳಿ ಕೂತಿದ್ದರು. ಅಣ್ಣ ಕಿಟಕಿಯ ಹತ್ತಿರ.

ಅಧಿಕಾರಿ ಪರದೆಯ ಮೇಲೆ ಕೋಟು ಕಳಚಿ ತೋಳು ಮಡಿಸಿಕೊಂಡು ಕಾಣಿಸಿಕೊಂಡರು. ತಾವೀಗ ಅಧಿಕಾರಿಯಲ್ಲ, ಮೇಕೆಗಳ ಯಜಮಾನ. ತಮ್ಮ ಮೇಕೆ ನೆಟ್ಟ ಸಸಿಗಳ ನಡುವೆ ನುಗ್ಗಿದೆ. ತಮ್ಮನ್ನು ಒಪ್ಪಿಸಿ, ಮೇಕೆಯನ್ನೂ ಹೊರಡಿಸಿ ಎಂದರು. ಕಾವಲುಗಾರ ಪಕ್ಕದಲ್ಲಿ ಬಂದು ತಲೆಯ ಮೇಲೆ ಎರಡು ಬೆರಳಿಟ್ಟು ಕೊಂಬು ಮಾಡಿಕೊಂಡು ಬಗ್ಗಿ ನಿಂತ. ಅವನೇ ಮೇಕೆ.

ಅತ್ತಿಗೆ ಎದ್ದು ನಿಂತರು. ಯಜಮಾನನ ಕಡೆ ತಿರುಗಿ ನಿಧಾನವಾಗಿ ಆರಂಭಿಸಿದರು.

"ತಾವು ಬಂದದ್ದು ಒಳ್ಳೆಯದಾಯ್ತು. ಕೂತ್ಕೊಳ್ಳಿ. ಮನೆಯಲ್ಲಿ ಎಲ್ಲರೂ ಕ್ಷೇಮವೇ? ತಮ್ಮ ಮೇಕೆಗೆ ಹಸಿವು, ನನಗೆ ಗೊತ್ತು. ನಮ್ಮ ಸಸಿಗಳಿಗೆ ಇನ್ನೂ ಬೇರಿಲ್ಲ. ಮೂರು ವರ್ಷ ತಾವು ಕಾಯಿರಿ. ಆಮೇಲೆ ನೀರೂ ತಮ್ಮದು, ನೆರಳೂ ತಮ್ಮದು."

ಮೇಡಂ ಒಂದೊಂದು ಕ್ರಿಯಾಪದಕ್ಕೂ ಒಂದೊಂದು ಬೆರಳು ಮಡಚುತ್ತಿದ್ದರು. ಒಂದೂ ತಪ್ಪಲಿಲ್ಲ. ಯಜಮಾನ ಮೊಂಡು ಹಿಡಿದ. "ನಿಮ್ಮ ಸಸಿಗಿಂತ ಮೊದಲು ಅಲ್ಲಿ ನನ್ನ ಮೇಕೆ ಇತ್ತು. ಆಗಲ್ಲ. ಮೊದಲು ಅದನ್ನ ಓಡಿಸಿ ನೋಡೋಣ."

ಎಲ್ಲರೂ "ಏಯ್ ಕಳ್ಳಾ"ಗಾಗಿ ಕಾದರು. ಮೇಕೆಗೆ ಅದನ್ನು ಹೇಳಬಹುದಿತ್ತು; ಅದರಿಂದ ಅಂಕ ಹೋಗುತ್ತಿರಲಿಲ್ಲ. ಅತ್ತಿಗೆ ಕಾವಲುಗಾರನ ಕಡೆ ತಿರುಗಿ ಕೈಯೆತ್ತಿದರು. ಹದಿನಾಲ್ಕು ದಿನ ತಿರುಗಿಸಿದ ನಾಲಿಗೆ ಹಿಂದಿರುಗಲು ಒಪ್ಪಲಿಲ್ಲ.

"ತಾವು ದಯವಿಟ್ಟು ಹೊರಗೆ ದಯಮಾಡಿಸಬೇಕು. ತಮ್ಮ ಬಾಯಿ ದೊಡ್ಡದು. ನಮ್ಮ ಮಕ್ಕಳು ಚಿಕ್ಕವರು. ತಾವು ಮಾನವಂತರು, ತಮಗೆ ತಿಳಿಯದ್ದೇನಿದೆ?"

ಕಾವಲುಗಾರ ಕೊಂಬು ಇಳಿಸಿದ. ಆ ಕಚೇರಿಯಲ್ಲಿ ತನ್ನನ್ನು ಯಾರೂ ಹೀಗೆ ಮಾತನಾಡಿಸಿರಲಿಲ್ಲ ಎಂದು ಅವನು ಹೇಳಿದ್ದನ್ನು ಮೇಡಂ ಆಮೇಲೆ ತಿಳಿಸಿದರು. ನೆಟ್ಟಗೆ ನಿಂತು, ಅತ್ತಿಗೆಗೆ ತಲೆಬಾಗಿ, ಬಾಗಿಲು ತೆರೆದುಕೊಂಡು ನಿಜವಾಗಿಯೂ ಹೊರಗೆ ಹೋದ. ಗುಮಾಸ್ತೆಯರು ಮೇಜಿನ ಮೇಲೆ ತಲೆಯಿಟ್ಟು ನಗುತ್ತಿದ್ದರು. ಅತ್ತಿಗೆಗೆ ಆಗ ಹೊಳೆಯಿತು; ಬಾಯಿಗೆ ಕೈ ಹೋಯಿತು. "ಸತ್ತೆ! ಮೇಕೆಗೆ ತಾವು ಅಂದ್ಬಿಟ್ಟೆ!"

ಯಜಮಾನ ಸ್ವಲ್ಪ ಹೊತ್ತು ತನ್ನ ಖಾಲಿಯಾದ ಪಕ್ಕವನ್ನೇ ನೋಡುತ್ತಿದ್ದ. ಬಳಿಕ ಅದೇ ಮೊಂಡು ದನಿಯಲ್ಲಿ, "ನನ್ನ ಮೇಕೆಗೇ ಇಷ್ಟು ಮರ್ಯಾದೆ ಕೊಡೋರಿಗೆ ಬೇಲಿ ಕಂಬ ನಾನೇ ಕೊಡ್ತೀನಿ" ಎಂದ. ಮೀಸೆ ಒರೆಸಿಕೊಂಡು ಮತ್ತೆ ಅಧಿಕಾರಿಯಾಗಿ, ನಾಲ್ಕನೆಯ ಕಲಂಗೆ ಬರೆಸಿದರು: "ಇದೆ. ಮೇಕೆಗೂ ಇದೆ. ಆಯ್ಕೆಯಾಗಿದ್ದಾರೆ."

ಗಾರೆ ಮೇಸ್ತ್ರಿ ಕುರ್ಚಿಯ ಮೇಲೆ ಹತ್ತಿ ಕೂಗಿದ. ಕಾಯುವ ಪಟ್ಟಿಯ ಮಹಿಳೆ ಮೊದಲು ಬಂದು ಅತ್ತಿಗೆಯ ಕೈ ಹಿಡಿದುಕೊಂಡರು. ಅವರಿಗೆ ಇಪ್ಪತ್ತೊಂಬತ್ತು, ಮುಂದಿನ ವರ್ಷದ ಅರ್ಜಿಯನ್ನು ನನ್ನಿಂದ ಅಲ್ಲಿಯೇ ಪಡೆದರು. ಅಣ್ಣ ಕಿಟಕಿಯಿಂದ ಹೊರಗೆ ನೋಡುತ್ತ, ಗಾಳಿಗೆ ಕಣ್ಣಿಗೆ ಧೂಳು ಬಿತ್ತೆಂದ. ಅಲ್ಲಿ ಗಾಜು ಮುಚ್ಚಿತ್ತು.

"ಹನ್ನೊಂದು ವಾರ ಒಬ್ಬರೇ ಇರ್ತೀರಿ," ಎಂದರು ಅತ್ತಿಗೆ ಅವನ ಪಕ್ಕಕ್ಕೆ ಹೋಗಿ. "ಊಟ ತಿಂಡಿಗೆ ಏನ್ಮಾಡ್ತೀರಿ?"

"ಪರೀಕ್ಷೆ ಮುಗೀತಲ್ಲ, ಇನ್ನು ಬಿಡು."

"ಬಿಡೋಕೆ ಬರ್ತಿಲ್ಲ."

"ಹಾಗಿದ್ರೆ ಇರ್ಲಿ," ಎಂದ ಅಣ್ಣ. "ಕೇಳೋಕೆ ಚೆನ್ನಾಗಿದೆ."

ಪ್ರಯಾಣ ಮಾರ್ಚ್ ಇಪ್ಪತ್ತೊಂದಕ್ಕೆ. ಸಂಜೆ ಗ್ರಂಥಾಲಯದ ಕೆಳಗಿನ ಅಂಗಡಿಯಲ್ಲಿ ಎಲ್ಲರೂ ಚಹಾ ಕುಡಿದೆವು.

ಈ ದಿನದ ಖರ್ಚು: ಚಹಾ ಹದಿನೇಳು ಲೋಟ. ಬಿಸ್ಕತ್ತು ನಾಲ್ಕು ಪೊಟ್ಟಣ. ಗುಡ್ಡ ಹತ್ತಲು ದಪ್ಪ ಅಟ್ಟೆಯ ಬೂಟು ಒಂದು ಜೊತೆ, ಕೊಟ್ಟವನು ಅಣ್ಣ. ಮನೆಗೆ ಬಸ್ ಟಿಕೆಟ್ ಮೂರು. ಚಹಾ ಕುಡಿದವರು ಹದಿನಾರು ಮಂದಿ. ಹದಿನೇಳನೆಯ ಲೋಟ ಕಾವಲುಗಾರರದೆಂದು ಅತ್ತಿಗೆ ಹೇಳಿ ತರಿಸಿದ್ದು. ಆರಿಹೋಗುತ್ತದೆಂದು ಅದನ್ನು ಗಾರೆ ಮೇಸ್ತ್ರಿ ಕುಡಿದ.